ಸೀಟ್ ಬೆಲ್ಟ್ ದೀಪ ಆರುವ ಮುನ್ನ

ಲಂಡನ್ನಿನ ಹತ್ತಿರದ ಲ್ಯೂಟನ್ನಿನಲ್ಲಿ ನಾವು ಮೂವರು ಸೇರಿ ಬಾಡಿಗೆಗೆ ಹಿಡಿದಿದ್ದ ಮನೆ ವಿಮಾನಗಳು ಇಳಿಯುವ ದಾರಿಯ ಕೆಳಗೇ ಇತ್ತು. ಒಂದೊಂದು ವಿಮಾನ ತಲೆಯ ಮೇಲೆ ಹಾದು ಹೋದಾಗಲೂ ಕಿಟಕಿಯ ಗಾಜು ಹಲ್ಲು ಕಟಕಟಿಸುತ್ತಿತ್ತು. ಬಾಡಿಗೆ ಕಡಿಮೆ ಇದ್ದದ್ದೂ ಅದಕ್ಕೇ. ಹಾಗೆ ಉಳಿದ ದುಡ್ಡಿನಲ್ಲಿ ಸ್ಕೈ ಟಿವಿಗೆ ಚಂದಾ ಕಟ್ಟಿದ್ದೆವು. ಫುಟ್‌ಬಾಲ್ ನೋಡಲಿಕ್ಕೆ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೆವು. ಫುಟ್‌ಬಾಲೂ ನೋಡುತ್ತಿದ್ದೆವು, ಸುಳ್ಳಲ್ಲ. ಆದರೆ 2003ರಲ್ಲಿ ಸ್ಕೈ ಒನ್ ವಾಹಿನಿಯಲ್ಲಿ ‘ಮೈಲ್ ಹೈ’ ಎಂಬ ಧಾರಾವಾಹಿ ಶುರುವಾದ ಮೇಲೆ ಚಂದಾ ಹಣ ಯಾವ ಬಾಬ್ತಿಗೆ ಸಲ್ಲುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೋಡದವರಿಗೆ ಎರಡು ಮಾತು. ಲಂಡನ್ನಿನಲ್ಲಿ ‘ಫ್ರೆಶ್!’ ಎಂಬ ಕಲ್ಪಿತ ಅಗ್ಗದ ವಿಮಾನ ಕಂಪನಿ. ಆಶ್ಚರ್ಯಸೂಚಕ ಚಿಹ್ನೆ ನಾನು ಹಾಕಿದ್ದಲ್ಲ, ಹೆಸರಿನ ಬಾಲಕ್ಕೆ ಅವರೇ ಕಟ್ಟಿದ್ದು. ಅದರ ಕ್ಯಾಬಿನ್ ಸಿಬ್ಬಂದಿಯಾದ ಹುಡುಗ ಹುಡುಗಿಯರು ಯಾರನ್ನು ಮೋಹಿಸಿದರು, ಯಾರಿಗೆ ಕೈಕೊಟ್ಟರು, ಬೆಳಗಿನ ಜಾವ ಯಾರ ಕೋಣೆಯಿಂದ ಹೊರಬಿದ್ದರು ಎಂಬುದೇ ಕಥೆ. ನಡುನಡುವೆ ಬಿಡುವಾದಾಗ ವಿಮಾನವೂ ಹಾರುತ್ತಿತ್ತು. ಎರಡು ಸರಣಿ ಬಂದು 2005ರ ಹೊತ್ತಿಗೆ ನಿಂತುಹೋಯಿತು. ಅದನ್ನು ಶ್ರೇಷ್ಠ ಕಲೆ ಎಂದು ನಾನು ವಾದಿಸಲಾರೆ. ಆದರೆ ಒಂದು ಕಂತನ್ನೂ ತಪ್ಪಿಸಲಿಲ್ಲ.

ಹೆಸರೇ ಪೋಲಿ. ವಿಮಾನ ಹಾರುತ್ತಿರುವಾಗ ಅದರೊಳಗೆ ಸರಸವಾಡಿದವರೆಲ್ಲ ‘ಮೈಲ್ ಹೈ ಕ್ಲಬ್’ನ ಸದಸ್ಯರು ಎಂಬುದು ಇಂಗ್ಲಿಷರ ಹಳೆಯ ಕುಚೋದ್ಯ. ಈ ಸಂಘಕ್ಕೆ ಕಚೇರಿಯಿಲ್ಲ, ವಾರ್ಷಿಕ ಸಭೆಯಿಲ್ಲ, ಸ್ಥಾಪಕ ಮಾತ್ರ ಇದ್ದಾನೆ: ಅಮೆರಿಕದ ಲಾರೆನ್ಸ್ ಸ್ಪೆರಿ. ವಿಮಾನವನ್ನು ಅದರ ಪಾಡಿಗೆ ಅದು ನೆಟ್ಟಗೆ ಹಾರುವಂತೆ ಮಾಡುವ ಯಂತ್ರವನ್ನು ರೂಪಿಸಿ, 1914ರಲ್ಲಿ ಪ್ಯಾರಿಸ್ ಹತ್ತಿರ ಸೀನ್ ನದಿಯ ಮೇಲೆ ಎರಡೂ ಕೈ ಮೇಲೆತ್ತಿಕೊಂಡು ಹಾರಿ ತೋರಿಸಿದ ಬುದ್ಧಿವಂತ. ಕೈಗೆ ಕೆಲಸವಿಲ್ಲದಂತಾದರೆ ಏನಾಗುತ್ತದೆ ಎಂಬುದು 1916ರಲ್ಲಿ ಗೊತ್ತಾಯಿತು. ಹಾರಲು ಕಲಿಯಲು ಬಂದ ಮಹಿಳೆಯೊಬ್ಬಳನ್ನು ಕೂರಿಸಿಕೊಂಡು ಹೋದ ಅವನ ವಿಮಾನ ಲಾಂಗ್ ಐಲೆಂಡಿನ ಕಡಲ ನೀರಿಗೆ ಬಿತ್ತಂತೆ. ಎತ್ತಲು ಹೋದವರು ನೋಡಿದರೆ ಇಬ್ಬರ ಮೈಮೇಲೂ ಬಟ್ಟೆ ಇರಲಿಲ್ಲವಂತೆ. ಬಿದ್ದ ಹೊಡೆತಕ್ಕೆ ಎಲ್ಲ ಕಳಚಿಹೋಯಿತು ಎಂದು ಸ್ಪೆರಿ ಸಮಜಾಯಿಷಿ ಕೊಟ್ಟನಂತೆ. ಅಂತೆಕಂತೆಗಳ ಮೇಲೆ ನಿಂತ ಸಂಘಕ್ಕೆ ಇದಕ್ಕಿಂತ ಒಳ್ಳೆಯ ಸ್ಥಾಪಕ ಸಿಗಲಾರ.

ಲೆಕ್ಕಕ್ಕೆ ಇಳಿದರೆ ಆ ಹೆಸರೂ ನಿಲ್ಲುವುದಿಲ್ಲ. ಮೈಲಿ ಎಂದರೆ 5,280 ಅಡಿ. ನೆಲ ಬಿಟ್ಟ ಎರಡು ಮೂರು ನಿಮಿಷಕ್ಕೆಲ್ಲ ವಿಮಾನ ಅದನ್ನು ದಾಟಿರುತ್ತದೆ. ಆಗಿನ್ನೂ ಸೀಟ್ ಬೆಲ್ಟ್ ದೀಪ ಆರಿರುವುದಿಲ್ಲ. ಅಂದರೆ ನಿಜವಾದ ಮೈಲಿ ಎತ್ತರದಲ್ಲಿ ಸಮಸ್ತ ಪ್ರಯಾಣಿಕರೂ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಎದುರಿನ ಸೀಟಿನ ಬೆನ್ನು ನೋಡುತ್ತಾ, ಸಂನ್ಯಾಸಿಗಳಂತೆ ಕೂತಿರುತ್ತಾರೆ. ದೀಪ ಆರಿದ ಮೇಲಾದರೂ ಜಾಗ ಯಾವುದು? ಒಬ್ಬರೇ ಹೊಕ್ಕರೂ ಮೊಣಕೈ ಗೋಡೆಗೆ ಬಡಿಯುವ ಆ ಶೌಚಾಲಯ. ಅದರ ಚಿಲಕವನ್ನು ಹೊರಗಿನಿಂದಲೂ ಸರಿಸಬಹುದು. ಒಳಗೆ ಯಾರಾದರೂ ಪ್ರಜ್ಞೆ ತಪ್ಪಿದರೆ ಇರಲಿ ಎಂದು ಮಾಡಿದ ಏರ್ಪಾಡು. ಹೊರಗೆ ಆರು ಜನರ ಸಾಲು, ಸಾಲಿನ ತುದಿಯಲ್ಲಿ ಒಂದು ಮಗು. ಧಾರಾವಾಹಿಯಲ್ಲಿ ಆ ಮಗು ಯಾವತ್ತೂ ಇರುತ್ತಿರಲಿಲ್ಲ.

ಪಕ್ಕದ ಮನೆಯಲ್ಲಿ ನಿಜವಾಗಿಯೂ ಕ್ಯಾಬಿನ್ ಸಿಬ್ಬಂದಿಯಾಗಿದ್ದ ಒಬ್ಬ ಹುಡುಗನಿದ್ದ. ಬೆಳಗಿನ ಜಾವ ಮೂರೂವರೆಗೆ ಅವನ ಕಾರಿನ ಬಾಗಿಲು ಧಡ್ ಎಂದರೆ ಅವತ್ತು ‘ಅರ್ಲಿ’, ನಡುರಾತ್ರಿ ಧಡ್ ಎಂದರೆ ‘ಲೇಟ್’. ಆಗಾಗ ನಮ್ಮೊಂದಿಗೆ ಕೂತು ‘ಮೈಲ್ ಹೈ’ ನೋಡುತ್ತಿದ್ದ. ನಾವು ನಗುವಲ್ಲಿ ಅವನು ನಗುತ್ತಿರಲಿಲ್ಲ. ನಾವು ಉಸಿರು ಬಿಗಿಹಿಡಿದು ನೋಡುವಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಾಯಕ ನಾಯಕಿಯರು ಬಿಸಿಲೂರಿನ ಹೋಟೆಲ್ ಕೋಣೆಯ ಬಾಗಿಲು ಹಾಕಿಕೊಂಡರೆ ಸಾಕು, ಅವನಿಗೆ ನಗು ತಡೆಯಲಾಗುತ್ತಿರಲಿಲ್ಲ. ಅಗ್ಗದ ಕಂಪನಿ ಹೋಟೆಲ್ ಕೊಡುತ್ತದಂತಾ, ಎನ್ನುತ್ತಿದ್ದ.

ಅವನ ನಗುವಿನ ಹಿಂದೆ ಒಂದು ಇಡೀ ಅರ್ಥಶಾಸ್ತ್ರವಿತ್ತು. 1995ರ ನವೆಂಬರಿನಲ್ಲಿ ಈಸಿಜೆಟ್ ಎಂಬ ಅಗ್ಗದ ವಿಮಾನ ಕಂಪನಿ ನಮ್ಮ ಲ್ಯೂಟನ್ನಿನಿಂದಲೇ ಗ್ಲಾಸ್ಗೋಗೆ, ಎಡಿನ್‌ಬರೋಗೆ 29 ಪೌಂಡಿಗೆ ಹಾರಲು ಶುರು ಮಾಡಿತು. ಅಷ್ಟು ಕಡಿಮೆಗೆ ಹಾರಿಸಬೇಕಾದರೆ ವಿಮಾನ ನೆಲದ ಮೇಲೆ ನಿಂತಿರಕೂಡದು. ಇಳಿದ 25 ನಿಮಿಷದಲ್ಲಿ ಮತ್ತೆ ಹೊರಡಬೇಕು. ಆ 25 ನಿಮಿಷದಲ್ಲಿ ಬಂದವರು ಇಳಿಯಬೇಕು, ಹೊಸಬರು ಹತ್ತಬೇಕು. ನಡುವೆ ಸಿಬ್ಬಂದಿಯೇ ಕಸದ ಚೀಲ ಹಿಡಿದು, ಸೀಟಿನ ಸಂದಿಯಲ್ಲಿ ಸಿಕ್ಕಿದ ಸ್ಯಾಂಡ್‌ವಿಚ್ಚಿನ ತುಣುಕು ಕೆದಕಿ ತೆಗೆದು, ಬೆಲ್ಟುಗಳನ್ನು ಅಡ್ಡಡ್ಡ ಜೋಡಿಸಿಡಬೇಕು. ಹೀಗೆ ದಿನಕ್ಕೆ ನಾಲ್ಕು ಸಲ. ಸಂಜೆಗೆ ವಿಮಾನವೂ ಸಿಬ್ಬಂದಿಯೂ ಹೊರಟಲ್ಲಿಗೇ ವಾಪಸು. ರಾತ್ರಿ ತಂಗಿದರೆ ಹೋಟೆಲ್ ಖರ್ಚು, ಹೋಟೆಲ್ ಖರ್ಚಾದರೆ ಟಿಕೆಟ್ ಅಗ್ಗವಾಗದು. ಪ್ರಯಾಣಿಕನಿಗೆ ಸಿಕ್ಕ 29 ಪೌಂಡಿನ ಟಿಕೆಟ್ಟಿನಲ್ಲಿ ಈ ಹುಡುಗ ಹುಡುಗಿಯರ ಪ್ರಣಯದ ರಾತ್ರಿಗಳನ್ನೂ ಕಡಿತ ಮಾಡಿಯೇ ಕೊಟ್ಟಿರುತ್ತಾರೆ. ಧಾರಾವಾಹಿ ಬರೆದವರು ಇದನ್ನು ಒಪ್ಪಿಕೊಂಡಿದ್ದರೆ ಪ್ರತಿ ಕಂತಿನಲ್ಲೂ ಆರು ಜನ ಸಂಜೆ ಮನೆಗೆ ಬಂದು, ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂರುವುದನ್ನೇ ತೋರಿಸಬೇಕಾಗುತ್ತಿತ್ತು.

ಅವನು ಹೇಳಿದ ಇನ್ನೊಂದು ಸಂಗತಿ ನನ್ನ ವೈಯಕ್ತಿಕ ಮಾನಕ್ಕೇ ಬಂತು. ಆಗ ಆ ವಿಮಾನಗಳಲ್ಲಿ ಸೀಟಿಗೆ ನಂಬರ್ ಇರುತ್ತಿರಲಿಲ್ಲ. ಹತ್ತಿ, ಖಾಲಿ ಇದ್ದಲ್ಲಿ ಕೂರುವುದು. ಒಮ್ಮೆ ನಾನು ಹತ್ತಿದಾಗ ಬಾಗಿಲಲ್ಲಿದ್ದ ಹುಡುಗಿ ಉಳಿದವರಿಗಿಂತ ಅರೆಕ್ಷಣ ಹೆಚ್ಚಿಗೆ ನನ್ನನ್ನು ನೋಡಿ ನಕ್ಕು, ರೆಕ್ಕೆಯ ಬಳಿಯ ಸಾಲು ತೋರಿಸಿ, ನೀವು ಅಲ್ಲಿ ಕೂತರೆ ಒಳ್ಳೆಯದು ಎಂದಿದ್ದಳು. ದಾರಿಯುದ್ದಕ್ಕೂ ನಾನು ನೆಟ್ಟಗೆ ಬೆನ್ನು ಮಾಡಿ ಕೂತಿದ್ದೆ. ಇದನ್ನು ತುಸು ಬಣ್ಣ ಹಚ್ಚಿಯೇ ಹೇಳಿದಾಗ ಪಕ್ಕದ ಮನೆಯವನು ಶಾಂತವಾಗಿ ವಿವರಿಸಿದ. ಬಾಗಿಲಲ್ಲಿ ನಿಂತು ನಗುವಾಗ ಅವರು ನಮ್ಮನ್ನು ತೂಗುತ್ತಿರುತ್ತಾರಂತೆ. ಯಾರು ಕುಡಿದಿದ್ದಾರೆ, ಯಾರಿಗೆ ನಡೆಯಲು ಕಷ್ಟ, ಯಾರು ಹೆದರಿದ್ದಾರೆ, ಹೊತ್ತು ಬಂದರೆ ಯಾರು ಸಹಾಯಕ್ಕೆ ಒದಗುತ್ತಾರೆ. ರೆಕ್ಕೆಯ ಬಳಿಯ ತುರ್ತು ಬಾಗಿಲು ಭಾರ. ಎಳೆದು, ಎತ್ತಿ, ಹೊರಗೆಸೆಯಬೇಕು. ಅವಳ ಕಣ್ಣಿಗೆ ನಾನು ಮನ್ಮಥನಾಗಿ ಕಂಡಿರಲಿಲ್ಲ, ಹಮಾಲಿಯಾಗಿ ಕಂಡಿದ್ದೆ.

ಈ ವಿಷಯದಲ್ಲಿ ನಮ್ಮ ಭಾಷೆಯ ತಪ್ಪೂ ಇದೆ ಎಂದು ನನ್ನ ದೂರು. ‘ಗಗನಸಖಿ’ ಎಂದು ಹೆಸರಿಟ್ಟ ಪುಣ್ಯಾತ್ಮರು ಅರ್ಧ ಧಾರಾವಾಹಿಯನ್ನು ಆ ಪದದಲ್ಲೇ ಬರೆದಿಟ್ಟುಬಿಟ್ಟರು. ಇಂಗ್ಲಿಷಿನವರು ‘ಕ್ಯಾಬಿನ್ ಕ್ರೂ’ ಎಂದು ಒಣಗಿದ ಹೆಸರಿಟ್ಟುಕೊಂಡು ಒದ್ದಾಡುತ್ತಿರುವಾಗ ನಾವು ಮೋಡ, ಬೆಳದಿಂಗಳು, ಸೆರಗು ಎಲ್ಲವನ್ನೂ ತಂದು ಕೂರಿಸಿದೆವು. ಪಕ್ಕದ ಮನೆಯವನನ್ನು ಏನೆನ್ನಬೇಕು? ಗಗನಸಖ ಎಂದು ಕರೆದು ನೋಡಿದೆವು, ಯಾವುದೋ ಯಕ್ಷನನ್ನು ಕರೆದ ಹಾಗಾಯಿತು. ಆದರೂ ಒಮ್ಮೊಮ್ಮೆ ಆ ಪದವೇ ಸರಿ ಎನಿಸುತ್ತದೆ. ಹಳೆಯ ನಾಟಕಗಳಲ್ಲಿ ಸಖಿ ಎಂದೂ ಪ್ರೇಯಸಿಯಲ್ಲ. ಶಕುಂತಲೆ ವಿರಹದಲ್ಲಿ ಬಿದ್ದುಕೊಂಡಾಗ ಅನಸೂಯೆ, ಪ್ರಿಯಂವದೆಯರ ಕೆಲಸ ತಾವರೆ ಎಲೆಯಲ್ಲಿ ಗಾಳಿ ಬೀಸುವುದು, ಹಲುಬುವುದನ್ನು ಕೇಳುವುದು. ವಿಮಾನದಲ್ಲಿ ಗಾಳಿ ಸಾಲದು ಎಂದು ಹಲುಬುವವರು ನಾವು. ಐವತ್ತು ಸೀಟಿಗೆ ಒಬ್ಬರಂತೆ ಇರಲೇಬೇಕೆಂದು ನಿಯಮ. ಅಂದರೆ ಒಬ್ಬೊಬ್ಬ ಸಖಿಗೂ ಐವತ್ತು ಶಕುಂತಲೆಯರು, ಅದರಲ್ಲಿ ಮೀಸೆಯವರೇ ಬಹಳ.

ಗಗನಸಖಿಯರಲ್ಲಿ ಮೊದಲನೆಯವಳು ದಾದಿಯೇ ಆಗಿದ್ದಳು. ಅಮೆರಿಕದ ಎಲೆನ್ ಚರ್ಚ್. ಪೈಲಟ್ ಆಗಬೇಕೆಂದು ಹೋದವಳನ್ನು ಕಂಪನಿಯವರು ಪೈಲಟ್ ಮಾಡಲಿಲ್ಲ. ಕೊನೆಗೆ ದಾದಿಯರನ್ನು ವಿಮಾನದಲ್ಲಿ ಇಟ್ಟುಕೊಳ್ಳಿ, ಜನರ ಭಯ ಕಡಿಮೆಯಾಗುತ್ತದೆ ಎಂದು ಅವಳೇ ಉಪಾಯ ಕೊಟ್ಟು 1930ರ ಮೇ ತಿಂಗಳಲ್ಲಿ ಹತ್ತಿದಳು. ಮದುವೆಯಾಗಿರಕೂಡದು, ವಯಸ್ಸು 25 ದಾಟಿರಕೂಡದು, ತೂಕ 115 ಪೌಂಡ್ ಮೀರಕೂಡದು. ಅಷ್ಟೆಲ್ಲ ಅಳೆದು ಸೇರಿಸಿಕೊಂಡವರಿಂದ ಮಾಡಿಸಿದ್ದು ಸಾಮಾನು ಹೊರುವುದು, ಸಡಿಲಾದ ಸೀಟುಗಳನ್ನು ನೆಲಕ್ಕೆ ತಿರುಪು ಹಾಕಿ ಬಿಗಿಯುವುದು.

ಇನ್ನು ಅಮ್ಮನ ವಿಷಯ. ನನ್ನ ಗೆಳೆಯನ ತಾಯಿ ಮಗನ ಜೊತೆ ಇದ್ದುಹೋಗಲು ಬಂದಿದ್ದರು. ನಾವೆಲ್ಲ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದೆವು. ಅವರು ಬಂದ ಮೇಲೆ ರಿಮೋಟಿಗೆ ಮೈಯೆಲ್ಲ ಕಿವಿ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದರೆ ಪರದೆಯ ಮೇಲೆ ತಟ್ಟನೆ ಫುಟ್‌ಬಾಲ್. ಒಂದು ರಾತ್ರಿ ಬೆರಳು ತಪ್ಪಿತು. ಅಮ್ಮ ಬಂದು ಸೋಫಾದ ತುದಿಯಲ್ಲಿ ಕೂತು, “ಇರಲಿ ಬಿಡ್ರೋ, ದಿನಾ ಅದೇನು ನೋಡ್ತೀರಿ ಅಂತ ನಾನೂ ನೋಡ್ತೀನಿ” ಎಂದರು. ಮುಂದಿನ ಅರ್ಧ ಗಂಟೆ ನನ್ನ ಗೆಳೆಯ ನೆಲಹಾಸಿನ ವಿನ್ಯಾಸವನ್ನು ಅಧ್ಯಯನ ಮಾಡಿದ. ಚುಂಬನ ಬಂತು, ಅದಕ್ಕಿಂತ ಮುಂದಿನದೂ ಬಂತು. ಅಮ್ಮ ಕನ್ನಡಕ ತೆಗೆಯಲೂ ಇಲ್ಲ, ಎದ್ದು ಹೋಗಲೂ ಇಲ್ಲ. ಕಡೆಗೆ ಕೇಳಿದ್ದು ಒಂದೇ: “ಅಲ್ಲ ಕಣಪ್ಪಾ, ಆ ಹುಡುಗಿ ಆಗಿನಿಂದ ಆ ಎತ್ತರದ ಹಿಮ್ಮಡಿ ಚಪ್ಪಲೀಲಿ ನಿಂತೇ ಇದಾಳಲ್ಲೋ. ಕಾಲು ನೋಯಲ್ವಾ ಅವಳಿಗೆ?”

ಕೆಲವು ವಾರಗಳ ನಂತರ ಅಮ್ಮನನ್ನು ಎಡಿನ್‌ಬರೋಗೆ ಕರೆದುಕೊಂಡು ಹೋದೆವು, ಅಗ್ಗದ ವಿಮಾನದಲ್ಲೇ. ಮೊದಲು ಹತ್ತಿದ್ದರಿಂದ ಮುಂದಿನ ಸಾಲು ಸಿಕ್ಕಿತು. ಸಿಬ್ಬಂದಿಯ ಮಡಿಸುವ ಕುರ್ಚಿ ನಮ್ಮ ಎದುರಿಗೇ, ನಮ್ಮ ಕಡೆಗೇ ಮುಖ ಮಾಡಿ. ಇಳಿಯುವ ಹೊತ್ತಿಗೆ ಒಬ್ಬ ಹುಡುಗಿ ಬಂದು ಅದರಲ್ಲಿ ಕೂತು, ಭುಜದ ಪಟ್ಟಿ ಬಿಗಿದುಕೊಂಡು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಮುಖದಲ್ಲಿ ನಗು ಇರಲಿಲ್ಲ. ಅಮ್ಮ ನನ್ನ ಕಡೆ ವಾಲಿ, “ಕೇಳೋ ಅವಳನ್ನ” ಎಂದರು. ಬೇಡ ಎಂದರೂ ಬಿಡಲಿಲ್ಲ. ಕೇಳಿದೆ. ಅವಳು ನಮ್ಮ ಕಡೆ ನೋಡದೆಯೇ, ಒಂದು ನಿಮಿಷ ಎಂಬಂತೆ ಮೆಲ್ಲಗೆ ತಲೆಯಾಡಿಸಿದಳು.

ಅದೇನೆಂದು ಪಕ್ಕದ ಮನೆಯವನು ಹೇಳಿದ್ದ. ವಿಮಾನ ಮೇಲೇರುವಾಗ, ಕೆಳಗಿಳಿಯುವಾಗ ಅವರು ಯಾರೊಂದಿಗೂ ಮಾತಾಡದೆ ಮನಸ್ಸಿನಲ್ಲೇ ಪಾಠ ಒಪ್ಪಿಸಿಕೊಳ್ಳುತ್ತಾರೆ: ಬೆಂಕಿ ಬಿದ್ದರೆ ಯಾವ ಕಡೆಯ ಬಾಗಿಲು, ಹಿಡಿಕೆ ಯಾವ ದಿಕ್ಕಿಗೆ, ಏನೆಂದು ಕೂಗಬೇಕು, ಯಾರನ್ನು ಮೊದಲು ಇಳಿಸಬೇಕು. ಅರ್ಧದಷ್ಟು ಬಾಗಿಲುಗಳು ಮುಚ್ಚಿದ್ದರೂ ಇಡೀ ವಿಮಾನ 90 ಸೆಕೆಂಡಿನಲ್ಲಿ ಖಾಲಿಯಾಗಬಲ್ಲದು ಎಂದು ವಿಮಾನ ತಯಾರಿಸಿದವರು ಮಾಡಿ ತೋರಿಸಿರಲೇಬೇಕು. ಅದನ್ನು ನಿಜವಾಗಿ ಮಾಡಬೇಕಾದವರು ಇವರು. ಅವಳ ತುಟಿ ಸಣ್ಣಗೆ ಅಲುಗುತ್ತಿತ್ತು. ಲೆಕ್ಕದಲ್ಲಿ ಅಮ್ಮನೂ ಇದ್ದಿರಬೇಕು, ನಾನಂತೂ ಇದ್ದೆ.

ಚಕ್ರ ನೆಲಕ್ಕೆ ತಾಗಿತು, ವಿಮಾನ ನಿಂತಿತು. ಅವಳು ಎದ್ದು, ಬಾಗಿಲು ತೆಗೆದು, ನಗುವನ್ನು ಮತ್ತೆ ಹಾಕಿಕೊಂಡು ನಿಂತಳು. ಅಮ್ಮ ಎದುರಿಗೆ ಬಂದಾಗ ಮಾತ್ರ ತುಸು ಬಗ್ಗಿ, “ತುಂಬಾ ನೋಯುತ್ತೆ, ಇವತ್ತು ಇನ್ನೂ ಎರಡು ಟ್ರಿಪ್ ಇದೆ” ಎಂದಳು. ನಾನು ಕನ್ನಡದಲ್ಲಿ ಹೇಳುವ ಮೊದಲೇ ಅಮ್ಮನಿಗೆ ಅರ್ಥವಾಗಿತ್ತು. ಅವಳ ಎಡಗಾಲಿನ ಹಿಮ್ಮಡಿ ಚಪ್ಪಲಿಯಿಂದ ಹೊರಗಿದ್ದದ್ದನ್ನು ಅವರು ಆಗಲೇ ನೋಡಿದ್ದರು. ಹಿಂದಿನಿಂದ ಇನ್ನೊಬ್ಬ ಪ್ರಯಾಣಿಕ ಬಂದ. ಹಿಮ್ಮಡಿ ಒಳಗೆ ಹೋಯಿತು.