ಆ ಗೆರೆ ಅಳಿಸಿಬಿಡಿ ಮಾರಾಯ್ರೇ

ಬೆಳಿಗ್ಗೆಯಿಂದ ಮೂರು ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಚಿತ್ರ, ಚಂಡಮಾರುತ ಸಾಗಬಹುದಾದ ದಾರಿಯ ಮುನ್ಸೂಚನೆ ನಕ್ಷೆ. ಸಮುದ್ರದ ನಡುವೆ ಒಂದು ಚುಕ್ಕಿ, ಅಲ್ಲಿಂದ ಕರಾವಳಿಯತ್ತ ಅಗಲವಾಗುತ್ತಾ ಬರುವ ಬಿಳಿ ಶಂಕು, ಅದರ ನಡುವೆ ಕಪ್ಪು ಗೆರೆ. ಕೆಳಗೆ ಯಾರೋ ಪುಣ್ಯಾತ್ಮರ ತೀರ್ಪು: "ಗೆರೆ ನಮ್ಮಿಂದ ನೂರು ಕಿಲೋಮೀಟರ್ ಆಚೆ. ನಾವು ಬಚಾವ್!" ಅದಕ್ಕೆ ಸಾಲುಸಾಲು ಕೈಮುಗಿದ ಇಮೋಜಿ.

ನನ್ನ ಚಾಳಿ ನಿಮಗೆ ಗೊತ್ತೇ ಇದೆ. ಎಲ್ಲಾದರೂ ಸಮುದ್ರದ ಮೇಲೆ ಮೋಡ ಸುರುಳಿ ಸುತ್ತಿದರೆ ಸಾಕು, ರಾತ್ರಿಯೆಲ್ಲ ಉಪಗ್ರಹ ಚಿತ್ರ ತಿರುಗಾ ಮುರುಗಾ ನೋಡುತ್ತಾ ಕೂರುವ ಜಾತಿ ನಂದು. ಸ್ವಾಮಿ, ಇದಿನ್ನೂ ಚಂಡಮಾರುತವೇ ಅಲ್ಲ, ವಾಯುಭಾರ ಕುಸಿತ. ನಮ್ಮ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಗಾಳಿ ಗಂಟೆಗೆ 62 ಕಿಲೋಮೀಟರ್ ಮುಟ್ಟಿದ ಮೇಲಷ್ಟೇ ನಾಮಕರಣ. ಸುಳಿಯ ಕೇಂದ್ರವೇ ಇನ್ನೂ ಗಟ್ಟಿಯಾಗಿಲ್ಲ. ಒಂದು ಮಗ್ಗುಲಲ್ಲಿ ಗುಡುಗುಮೋಡ ಉಕ್ಕಿದರೆ ಕೇಂದ್ರ ಅಲ್ಲೇ ಹೊಸದಾಗಿ ಹುಟ್ಟಬಹುದು, ಆಗ ಕಂಪ್ಯೂಟರ್ ಎಳೆದ ಗೆರೆಯೂ ಪಕ್ಕಕ್ಕೆ ಜರುಗುತ್ತೆ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋದು ಕೇಳಿದ್ದೆ. ಇವರು ಜಾತಕವನ್ನೇ ಬರೆದು ಮುಗಿಸಿದ್ದಾರೆ.

ಸರಿ, ಶಂಕುವನ್ನಾದರೂ ನೋಡ್ತಾರಾ? ಅದು ಬಿರುಗಾಳಿಯ ಗಾತ್ರ ಅಲ್ಲ, ಕೇಂದ್ರ ಎಲ್ಲೆಲ್ಲಿ ಹಾದುಹೋಗಬಹುದು ಅನ್ನೋ ಅಂದಾಜು. ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರದವರು ತಮ್ಮದೇ ಹಿಂದಿನ ಐದು ವರ್ಷಗಳ ತಪ್ಪುಗಳನ್ನು ಅಳೆದು ಅದರ ಅಗಲ ನಿಗದಿ ಮಾಡ್ತಾರೆ. ಮೂರರಲ್ಲಿ ಎರಡು ಸಲ ಬಿರುಗಾಳಿಯ ಕೇಂದ್ರ ಅದರೊಳಗಿರುತ್ತೆ. ಮಿಕ್ಕ ಒಂದು ಸಲ? ಅದನ್ನು ಯಾರೂ ಫಾರ್ವರ್ಡ್ ಮಾಡಲ್ಲ.

2022ರಲ್ಲಿ ಅಮೆರಿಕದ ಫ್ಲೋರಿಡಾಕ್ಕೆ ಬಡಿದ ಇಯಾನ್ ಚಂಡಮಾರುತ ನೆನಪಿದೆಯಾ? ಒಂದೆರಡು ದಿನ ಗೆರೆ ಅಲ್ಲಿನ ಟ್ಯಾಂಪಾ ನಗರದ ಕಡೆ ಬೊಟ್ಟು ಮಾಡಿತ್ತು, ಎಲ್ಲರ ಕಣ್ಣೂ ಅಲ್ಲೇ. ಕೊನೆಗೆ ಸಮುದ್ರ ನುಗ್ಗಿದ್ದು ದಕ್ಷಿಣದ ಫೋರ್ಟ್ ಮೈಯರ್ಸ್ ಬೀಚಿಗೆ. ಆ ಊರೂ ಶಂಕುವಿನೊಳಗೇ ಇತ್ತು, ಅಂಚಿನಲ್ಲಿ! ಅಷ್ಟು ದೂರ ಯಾಕೆ, 2021ರ ತೌಕ್ತೆ ಚಂಡಮಾರುತ ನೆಲ ಮುಟ್ಟಿದ್ದು ಗುಜರಾತಿನಲ್ಲಿ. ಆದರೆ ಕೇಂದ್ರ ಸಮುದ್ರದಲ್ಲೇ ಇದ್ದಾಗ ಕರ್ನಾಟಕದ ಕರಾವಳಿಯಲ್ಲಿ ಕಡಲು ದಡ ಕೊರೆದು ಮನೆಗಳನ್ನು ಬೀಳಿಸಿತ್ತು.

"ಜನಸಾಮಾನ್ಯರಿಗೆ ಇಷ್ಟೆಲ್ಲ ಅರ್ಥ ಆಗಲ್ಲ, ಅವರಿಗೆ ಒಂದು ಗೆರೆ ಬೇಕು" ಅಂತ ಒಬ್ಬ ಗೆಳೆಯ ವಾದಕ್ಕೆ ಬಂದ. ಜನಸಾಮಾನ್ಯರು ಷೇರು ಮಾರುಕಟ್ಟೆಯ ಗ್ರಾಫ್ ಓದ್ತಾರೆ, ಡಿಆರ್‌ಎಸ್‌ನಲ್ಲಿ ಚೆಂಡು ಸ್ಟಂಪಿಗೆ ಎಷ್ಟು ತಾಗಿತು ಅಂತ ಅಂಪೈರ್ ಜೊತೆ ಜಗಳಕ್ಕಿಳೀತಾರೆ. ಶಂಕು ಮಾತ್ರ ಅರ್ಥ ಆಗಲ್ವಂತೆ!

ಇಷ್ಟು ಹಾರಾಡ್ತಿರೋ ನಾನೇನು ಸಾಚಾ ಅಲ್ಲ. ಕೆಲವು ವರ್ಷಗಳ ಹಿಂದೆ ಇದೇ ಗೆರೆ ನೋಡಿ, ಕಡಲಂಚಿನ ಸ್ನೇಹಿತನಿಗೆ "ನಿನ್ನ ಕಡೆ ಬರಲ್ಲ, ಮಲಕ್ಕೋ" ಅಂದಿದ್ದೆ. ನಡುರಾತ್ರಿ ಫೋನ್ ಬಂತು. "ಗಾಳಿ ಅಂಥದ್ದೇನಿಲ್ಲ ಕಣೋ, ಆದ್ರೆ ನೀರು ಮೂರನೇ ಮೆಟ್ಟಿಲಿಗೆ ಬಂದಿದೆ." ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇದನ್ನು ಟೈಪ್ ಮಾಡೋ ಹೊತ್ತಿಗೆ ಹೊಸ ಬುಲೆಟಿನ್ ಬಂದಿದೆ. ಗೆರೆ ಕೊಂಚ ಉತ್ತರಕ್ಕೆ ಜರುಗಿದೆ. ಬೆಳಿಗ್ಗೆ ಬಚಾವ್ ಅಂದವರು ಈಗ "ಅಯ್ಯೋ, ಇಲಾಖೆಯವರಿಗೆ ಏನೂ ಗೊತ್ತಿಲ್ಲ" ಅಂತಿದ್ದಾರೆ. ಮೊದಲು ನೋಡಿದ್ದು ನಾನೂ ಗೆರೆಯನ್ನೇ, ಸುಳ್ಳು ಯಾಕೆ ಹೇಳಲಿ.