ನಿಮ್ಮ ದೂರು ಪರಿಹಾರವಾಗಿದೆ, ಸುಮ್ನಿರಿ

ಅಮೆರಿಕದ ಎಒಎಲ್ ಕಂಪನಿ 2025ರ ಸೆಪ್ಟೆಂಬರ್ 30ಕ್ಕೆ ಫೋನ್ ತಂತಿಯಲ್ಲಿ ಸಾಗುವ ತನ್ನ ಡಯಲ್‌ಅಪ್ ಇಂಟರ್‌ನೆಟ್ಟಿನ ಅಂಗಡಿ ಮುಚ್ಚಿದ್ದು ನಿಮಗೆ ಗೊತ್ತೇ ಇದೆ. ಸುದ್ದಿ ಓದಿದವರೆಲ್ಲ ಮೊದಲು ಕೇಳಿದ್ದು, "ಅಯ್ಯೋ, ಅದು ಇನ್ನೂ ಇತ್ತಾ?" ಎಂದು. ಆಮೇಲೆ ಶುರುವಾಯಿತು ಶ್ರದ್ಧಾಂಜಲಿ. ಕೀಂ, ಕರ್ರ್, ಟೊಂಯ್ ಎನ್ನುವ, ಕಂಪ್ಯೂಟರನ್ನು ಫೋನ್ ತಂತಿಗೆ ಕೂಡಿಸುವ ಮೋಡೆಂ ಡಬ್ಬದ ಸದ್ದು ವಾಟ್ಸಾಪ್ ಗ್ರೂಪುಗಳಲ್ಲಿ ಸುತ್ತಿತು. "ಆ ದಿನಗಳೇ ಬೇರೆ" ಎಂದು ಎಲ್ಲರೂ ಕಣ್ಣೊರೆಸಿಕೊಂಡರು. ಆ ದಿನಗಳಲ್ಲಿ ಇದೇ ಸದ್ದಿಗೆ ಹಲ್ಲು ಕಡಿದು ಮೌಸ್ ಕುಟ್ಟುತ್ತಿದ್ದವರೂ ಇವರೇ.

ಇರಲಿ, ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು. ನಾನೂ ನಾಲ್ಕು ಒಳ್ಳೆ ಮಾತು ಹೇಳಿಬಿಡುತ್ತೇನೆ.

ಡಯಲ್‌ಅಪ್ ಪ್ರಾಮಾಣಿಕ. ತಾನು ಪಡುವ ಪಾಡನ್ನು ಮನೆಮಂದಿಗೆಲ್ಲ ಕೇಳಿಸುತ್ತಿತ್ತು. ಫೋನಿನ ತಂತಿ ಹಾಕಿದ್ದು ಮನುಷ್ಯರ ಮಾತು ಸಾಗಿಸಲು. ಅದರಲ್ಲಿ ಕಂಪ್ಯೂಟರಿನ ಲೆಕ್ಕ ಹೋಗಬೇಕಾದರೆ ಮೊದಲು ಸದ್ದಾಗಬೇಕು. ಈ ಕಡೆಯ ಮೋಡೆಂ "ಎಷ್ಟು ಸ್ಪೀಡ್ ತಡ್ಕೋತೀಯಪ್ಪಾ?" ಎಂದು ಕೇಳುವುದು, ಆ ಕಡೆಯದು "ಸ್ವಲ್ಪ ಇಳಿಸು ಮಾರಾಯ" ಎನ್ನುವುದು. ಆ ಕಿರುಚಾಟವೆಲ್ಲ ಈ ಚೌಕಾಶಿಯದ್ದೇ. ಡಬ್ಬದ ಮೇಲೆ 56 ಕೆ, ಅಂದರೆ ಸೆಕೆಂಡಿಗೆ 56 ಕಿಲೋಬಿಟ್, ಎಂದು ಬರೆದಿರುತ್ತಿತ್ತು. ಚೌಕಾಶಿ ಮುಗಿಯುವ ಹೊತ್ತಿಗೆ 33 ಕೆ ಸಿಕ್ಕರೆ ಪುಣ್ಯ. ಮಳೆ ಬಂದು ಕೇಬಲ್ಲಿಗೆ ನೀರು ಇಳಿದಿದ್ದರೆ ಇನ್ನೂ ಕಮ್ಮಿ. ಆದರೆ ಸಿಕ್ಕಿದ್ದೆಷ್ಟು ಎಂದು ಪರದೆಯ ಮೂಲೆಯಲ್ಲಿ ನಾಚಿಕೆಯಿಲ್ಲದೆ ತೋರಿಸುತ್ತಿತ್ತು. ಇವತ್ತಿನ ಯಾವ ಕಂಪನಿ ಹಾಗೆ ತೋರಿಸುತ್ತದೆ, ಹೇಳಿ ನೋಡೋಣ.

ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಕೊಟ್ಟಿದ್ದು ಆಗ ಸರ್ಕಾರಿ ಕಂಪನಿಯಾಗಿದ್ದ ವಿಎಸ್‌ಎನ್‌ಎಲ್. 1995ರ ಆಗಸ್ಟ್ 15. ಸ್ವಾತಂತ್ರ್ಯ ದಿನವನ್ನೇ ಆರಿಸಿದ್ದರು. ವೇಗ ಸೆಕೆಂಡಿಗೆ 9.6 ಕಿಲೋಬಿಟ್. ಆ ವೇಗದಲ್ಲಿ 4 ಎಂಬಿಯ ಒಂದು ಹಾಡು ಇಳಿಯಲು ಏನೂ ತೊಂದರೆ ಇಲ್ಲದಿದ್ದರೆ ಮುಕ್ಕಾಲು ಗಂಟೆ ದಾಟುತ್ತದೆ. ಏನೂ ತೊಂದರೆ ಇಲ್ಲದ ದಿನ ಮಾತ್ರ ಕ್ಯಾಲೆಂಡರಿನಲ್ಲಿ ಇರಲಿಲ್ಲ. ಲೈನ್ ಎಂಗೇಜ್. ಮತ್ತೆ ಡಯಲ್. ಮತ್ತೆ ಎಂಗೇಜ್. ಸಿಕ್ಕಿತು ಅನ್ನುವಷ್ಟರಲ್ಲಿ ಅದೇ ಲೈನಿಗೆ ಸೇರಿದ ಒಳಮನೆಯ ಪ್ಯಾರಲಲ್ ಫೋನನ್ನು ಅತ್ತೆ ಎತ್ತುತ್ತಾರೆ. "ಇದೇನೋ ಹಾವು ಬುಸುಗುಟ್ಟಿದ ಹಾಗಿದೆ" ಎನ್ನುತ್ತಾರೆ. ಅಷ್ಟಕ್ಕೇ ಕನೆಕ್ಷನ್ ಕಟ್. ಮಗ "ಅಜ್ಜೀ!" ಎಂದು ಚೀರುತ್ತಾನೆ. ಅತ್ತೆಗೆ ಕೋಪ. ಅವರು ಫೋನ್ ಎತ್ತಿದ್ದು ತಂಗಿಗೆ ಮಾತಾಡಲು, ಅದು ಅವರ ಹಕ್ಕು. ಎಷ್ಟು ಮನೆಗಳಲ್ಲಿ ಎಷ್ಟು ರಾಜಿ ಪಂಚಾಯ್ತಿ ನಡೆದಿತ್ತೋ! ರಾತ್ರಿ ಹನ್ನೊಂದರ ಮೇಲೆ ನೆಟ್, ಅಲ್ಲಿಯವರೆಗೆ ಫೋನ್ ಅಜ್ಜಿಯದು. ಕುಟುಂಬ ವ್ಯವಸ್ಥೆಯನ್ನು ಒಟ್ಟಿಗೆ ಹಿಡಿದಿಟ್ಟಿದ್ದೂ ಒಡೆದಿದ್ದೂ ಅದೇ ತಂತಿ.

ದುಡ್ಡಿನ ವಿಚಾರ ಇನ್ನೂ ಚೆಂದ. ಗಂಟೆಗಳ ಲೆಕ್ಕದ ನೆಟ್ ಪ್ಯಾಕಿಗೆ ಒಂದು ದುಡ್ಡು. ಆ ಗಂಟೆಗಳನ್ನು ಬಳಸಲು ಫೋನ್ ಮಾಡಬೇಕಲ್ಲ, ಅದಕ್ಕೆ ಇನ್ನೊಂದು ಬಿಲ್. ಪುಟ ಅರ್ಧ ತೆರೆದು ನಿಂತಿದ್ದರೂ ಮೀಟರ್ ಮಾತ್ರ ಪೂರ್ತಿ ಓಡುತ್ತಿತ್ತು. ಆಗ ಎಂದೂ ಡಿಸ್ಕನೆಕ್ಟ್ ಆಗದೆ ಇದ್ದದ್ದು ಅದೊಂದೇ.

ಮನೆಗೆ ಫೋನ್ ಬರುವುದೇ ಆಗ ದೊಡ್ಡ ಸಂಗತಿ. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. 'ಓನ್ ಯುವರ್ ಟೆಲಿಫೋನ್' ಎಂಬ ಸ್ಕೀಮಿನಲ್ಲಿ ಜಾಸ್ತಿ ಹಣ ಕಟ್ಟಿದವರೂ ಕಾಯುತ್ತಿದ್ದರು, ಸ್ವಲ್ಪ ಗತ್ತಿನಿಂದ ಕಾಯುತ್ತಿದ್ದರು ಅಷ್ಟೇ. 80ರ ದಶಕದ ಆರಂಭದಲ್ಲಿ ಸಂಪರ್ಕ ಖಾತೆ ಸಚಿವರಾಗಿದ್ದ ಸಿ.ಎಂ. ಸ್ಟೀಫನ್ ಸಂಸತ್ತಿನಲ್ಲಿ ಹೇಳಿದ ಮಾತೊಂದು ಇವತ್ತಿಗೂ ಓಡಾಡುತ್ತದೆ. ಫೋನ್ ಎಂದರೆ ಐಷಾರಾಮ, ಹಕ್ಕಲ್ಲ, ಸರಿಯಿಲ್ಲ ಅನಿಸಿದವರು ವಾಪಸ್ ಕೊಡಬಹುದು, ಕಾಯುವವರು ಬೇಕಾದಷ್ಟು ಜನ ಇದ್ದಾರೆ. ಹೆಚ್ಚುಕಮ್ಮಿ ಹೀಗಿತ್ತು ಆ ಮಾತು. ಎಲ್ಲರೂ ಬೈದರು. ನನಗೀಗ ಆ ಮನುಷ್ಯನ ಮೇಲೆ ಗೌರವ ಹುಟ್ಟಿದೆ. ಇಂದಿನ ಕಂಪನಿಗಳ ಮನಸ್ಸಿನಲ್ಲಿ ಇರುವುದೂ ಅದೇ ಅಲ್ವಾ? ಆದರೆ ಬಾಯಲ್ಲಿ "ನಿಮ್ಮ ಕರೆ ನಮಗೆ ಅತ್ಯಮೂಲ್ಯ" ಎನ್ನುತ್ತವೆ, ಹಿಂದೆ ಒಂದು ಕೀಬೋರ್ಡ್ ಟ್ಯೂನ್ ಹಾಕುತ್ತವೆ. ಸಚಿವರು ಟ್ಯೂನ್ ಹಾಕಿರಲಿಲ್ಲ.

ಫೋನ್ ಕೆಟ್ಟರೆ 198ಕ್ಕೆ ಹೇಳಬೇಕಿತ್ತು. ಹೇಳುವುದು ಹೇಗೆ? ಫೋನ್ ಮಾಡಿ! ಹಾಗಾಗಿ ಪಕ್ಕದ ಮನೆಗೆ ಹೋಗಬೇಕು. ಅವರ ಫೋನೂ ಡೆಡ್ ಆಗಿದ್ದರೆ ಅಲ್ಲೇ ಕಾಫಿ ಕುಡಿದು ಬರಬೇಕು. ಕೊನೆಗೆ ಸಿಗುವ ಉತ್ತರ ಎರಡೇ ಮಾತು: "ಕೇಬಲ್ ಫಾಲ್ಟ್." ನೀರಿನ ಪೈಪಿಗೆ ಅಗೆದವರು ಫೋನ್ ಕೇಬಲ್ ಕಡಿದಿರುತ್ತಾರೆ. ಅದನ್ನು ಸರಿಮಾಡಲು ಅಗೆದವರು ನೀರಿನ ಪೈಪು ಒಡೆದಿರುತ್ತಾರೆ. ಹೀಗೆ ಬೀದಿಗೊಂದು ನಿರಂತರ ಉದ್ಯೋಗ.

ಆದರೂ ಲೈನ್‌ಮನ್ ಎಂಬ ಒಬ್ಬ ಇದ್ದ. ಅವನಿಗೆ ಒಂದು ಹೆಸರಿತ್ತು, ಒಂದು ಸೈಕಲ್ ಇತ್ತು, ಹೆಗಲಿಗೆ ಟೆಸ್ಟ್ ಫೋನ್ ಇತ್ತು. ಯಾವ ಕಂಬದ ಯಾವ ಡಬ್ಬದಲ್ಲಿ ನಿಮ್ಮ ಜೋಡಿ ತಂತಿ ಕೂತಿದೆ ಎಂದು ಅವನಿಗೆ ಬಾಯಿಪಾಠ. ದೀಪಾವಳಿಗೆ ಮಾಮೂಲು ಕೇಳುತ್ತಿದ್ದ, ನಿಜ. ಕೊಡದಿದ್ದರೆ ಕಾರ್ತಿಕದಲ್ಲಿ ನಿಮ್ಮ ಲೈನಿಗೆ ಗರಗರ ಸದ್ದು ಸೇರಿಕೊಳ್ಳುತ್ತಿತ್ತು ಎಂಬ ಗುಮಾನಿಯೂ ಇತ್ತು. ಆದರೆ ಸಂತೆಯಲ್ಲಿ ಸಿಕ್ಕಾಗ ಅಡ್ಡಗಟ್ಟಿ, "ಏನಯ್ಯಾ, ವಾರವಾಯ್ತು" ಎಂದು ಜಗಳ ಆಡಬಹುದಿತ್ತು. ಅವನು ಬಾಲ ಬಿಚ್ಚದೆ ಮಾರನೇ ದಿನ ಬರುತ್ತಿದ್ದ. ಜಗಳ ಆಡಲು ಒಂದು ಮುಖ ಇರುವುದು ಸಣ್ಣ ಸೌಲಭ್ಯವಲ್ಲ. ಅದು ಹೋಯಿತು.

ಈಗ ಮನೆಗೆ ಫೈಬರ್ ಬಂದಿದೆ. ಬೆಳಕಿನ ವೇಗ. ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ, ಬಟ್ಟೆ ಒಣಹಾಕುವ ಹಗ್ಗದಂತೆ ಜೋತುಬಿದ್ದ ಬೆಳಕಿನ ವೇಗ. ಬೆಸ್ಕಾಂನವರು ಕಂಬದ ಮೇಲಿನ ಅನಧಿಕೃತ ಕೇಬಲ್ ಕತ್ತರಿಸುವ ದಿನ ಬೀದಿಗೆ ಬೀದಿಯೇ ಕತ್ತಲು. ಮೂಲೆಯ ಡಬ್ಬದಲ್ಲಿ ಎಲ್‌ಒಎಸ್ ಎಂದು ಬರೆದ ಕೆಂಪು ದೀಪ ಮಿಣಮಿಣ ಅನ್ನತೊಡಗುತ್ತದೆ. ಅದರರ್ಥ ಆಚೆಯಿಂದ ಬೆಳಕು ಬರುತ್ತಿಲ್ಲ, ಕೇಬಲ್ ಎಲ್ಲೋ ತುಂಡಾಗಿದೆ. ನಮ್ಮ ಬೀದಿಯ ಆರನೇ ಕ್ಲಾಸಿನ ಹುಡುಗರಿಗೂ ಇದು ಗೊತ್ತು. ಗೊತ್ತಿಲ್ಲದೆ ಇರುವುದು ಕಸ್ಟಮರ್ ಕೇರಿಗೆ ಮಾತ್ರ.

"ಆ್ಯಪ್‌ನಲ್ಲಿ ದೂರು ದಾಖಲಿಸಿ" ಎನ್ನುತ್ತದೆ ಮೊದಲು ಯಂತ್ರ. ನೆಟ್ ಇಲ್ಲ ಎಂದು ದೂರು ಕೊಡಲು ನೆಟ್ ಬೇಕು. ಪಕ್ಕದ ಮನೆಯ ಫೋನಿಗೆ ಹೋಗುತ್ತಿದ್ದ ಕಾಲಕ್ಕೂ ಇದಕ್ಕೂ ವ್ಯತ್ಯಾಸ ಇಷ್ಟೇ, ಈಗ ಕಾಫಿ ಇಲ್ಲ. ಆಮೇಲೆ ಭಾಷೆ. ಕನ್ನಡಕ್ಕಾಗಿ ಒತ್ತಬೇಕಾದ ಅಂಕಿ ಒತ್ತುತ್ತೀರಿ. ರೆಕಾರ್ಡ್ ಮಾಡಿದ ಧ್ವನಿ ಬಹಳ ಅಚ್ಚ ಕನ್ನಡದಲ್ಲಿ ನಿಮ್ಮನ್ನು ಇನ್ನೂ ಮೂರು ಬಾಗಿಲು ದಾಟಿಸಿ ಕೊನೆಗೆ ಒಬ್ಬ ಹುಡುಗನ ಕೈಗೆ ಒಪ್ಪಿಸುತ್ತದೆ. ಅವನು "ಹಿಂದಿ ಮೇ ಬತಾಯಿಯೇ" ಎನ್ನುತ್ತಾನೆ. ಆ ಕನ್ನಡ ಬಾಗಿಲವರೆಗೆ ಮಾತ್ರ, ಒಳಗೆ ಬರುವುದಿಲ್ಲ.

"ರೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸಾರ್."

"ಅಪ್ಪಾ, ಕೆಂಪು ದೀಪ ಬರ್ತಿದೆ. ಕೇಬಲ್ ಕಟ್ಟಾಗಿದೆ. ರಸ್ತೆಯಲ್ಲಿ ಬಿದ್ದಿದೆ, ಕಿಟಕಿಯಿಂದ ಕಾಣ್ತಿದೆ."

"ಓಕೆ ಸಾರ್. ಒಂದ್ಸಲ ಆಫ್ ಮಾಡಿ ಆನ್ ಮಾಡಿ."

ಮಾಡಿದೆ. ರಸ್ತೆಯಲ್ಲಿ ಬಿದ್ದ ಕೇಬಲ್ ಎದ್ದು ಬಂದು ಕೂಡಿಕೊಳ್ಳಲಿಲ್ಲ. ದೂರಿಗೆ ಒಂದು ನಂಬರ್ ಕೊಟ್ಟರು. ಸಂಜೆ ಮೆಸೇಜ್ ಬಂತು: ನಿಮ್ಮ ದೂರು ಯಶಸ್ವಿಯಾಗಿ ಪರಿಹಾರವಾಗಿದೆ. ಅದರ ಹಿಂದೆಯೇ ಇನ್ನೊಂದು: ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ? ಕಿಟಕಿಯಿಂದ ಬಗ್ಗಿ ನೋಡಿದೆ. ಕೇಬಲ್ ಮೇಲೆ ಒಂದು ನಾಯಿ ಮಲಗಿತ್ತು. ಅದರ ಮಟ್ಟಿಗೆ ಪರಿಹಾರವಾಗಿತ್ತು.

ಕಂಪನಿಯ ಹೆಸರು ಕೇಳಬೇಡಿ. ಯಾವ ಹೆಸರು ಹಾಕಿದರೂ ನಡೆಯುತ್ತದೆ.

ಹಾಗಂತ ಕಾನೂನು ಇಲ್ಲ ಅಂದುಕೊಳ್ಳಬೇಡಿ. ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ ಟ್ರಾಯ್ 2012ರಲ್ಲೇ ನಿಯಮ ಮಾಡಿದೆ. ದೂರಿಗೆ ನಂಬರ್ ಕೊಡಬೇಕು. ಪರಿಹಾರ ಸರಿಯಿಲ್ಲದಿದ್ದರೆ ಮೇಲ್ಮನವಿ ಹಾಕಬಹುದು. ಯಾರ ಬಳಿ? ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರದ ಬಳಿ! ಅಂದರೆ ಸೊಸೆ ಅತ್ತೆಯ ಮೇಲಿನ ದೂರನ್ನು ಅತ್ತೆಯ ಅಕ್ಕನಿಗೆ ಕೊಡಬಹುದು. ಅದನ್ನು 39 ದಿನದೊಳಗೆ ಇತ್ಯರ್ಥ ಮಾಡಬೇಕು. 40 ಅಲ್ಲ, 39. ಆ ಒಂದು ದಿನ ಉಳಿಸಿಕೊಟ್ಟ ಪುಣ್ಯಾತ್ಮನಿಗೆ ನಮಸ್ಕಾರ. ಟ್ರಾಯ್‌ಗೇ ನೇರವಾಗಿ ಬರೆಯೋಣ ಎಂದರೆ ಅದು ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ. ಇನ್ನೊಂದು ನಿಯಮವಿದೆ. ಮನುಷ್ಯರೊಡನೆ ಮಾತಾಡಬೇಕು ಎಂದವರಿಗೆ 100ರಲ್ಲಿ 95 ಸಲ 90 ಸೆಕೆಂಡಿನೊಳಗೆ ಮನುಷ್ಯ ಸಿಗಬೇಕು. ಬಹಳ ಒಳ್ಳೆಯದು. ಆದರೆ ಆ ಗುಂಡಿ ಎಲ್ಲಿದೆ ಎಂದು ಹುಡುಕಲು ಹಿಡಿಯುವ ಹೊತ್ತಿಗೆ ನಿಯಮ ಬರೆದವರು ಯಾರೂ ಇಲ್ಲ.

ಗ್ರಾಹಕರ ನ್ಯಾಯಾಲಯಕ್ಕೆ ಹೋಗೋಣ ಎಂದರೆ ಅಲ್ಲೂ ಒಂದು ಸ್ವಾರಸ್ಯ. 2009ರಲ್ಲಿ ಸುಪ್ರೀಂ ಕೋರ್ಟ್, ಫೋನ್ ಬಿಲ್ಲಿನ ತಕರಾರಿಗೆ 1885ರ ಟೆಲಿಗ್ರಾಫ್ ಕಾಯ್ದೆಯಲ್ಲೇ ಮಧ್ಯಸ್ಥಿಕೆಯ ದಾರಿ ಇದೆ, ಗ್ರಾಹಕರ ವೇದಿಕೆಗೆ ಹೋಗುವಂತಿಲ್ಲ ಎಂದಿತ್ತು. ಟಕಟಕ ಎಂದು ತಂತಿ ಬಡಿಯುವ ಕಾಲದಲ್ಲಿ ಬ್ರಿಟಿಷರು ಮಾಡಿದ ಕಾಯ್ದೆ ಅದು. 2013ರ ಜುಲೈನಲ್ಲಿ ಟೆಲಿಗ್ರಾಂ ಸೇವೆಯೇ ನಿಂತುಹೋಯಿತು. ಟೆಲಿಗ್ರಾಫ್ ಕಾಯ್ದೆ ಮಾತ್ರ ಗ್ರಾಹಕನಿಗೆ ಅಡ್ಡಗಾಲು ಹಾಕಿಕೊಂಡು ಗಟ್ಟಿಯಾಗಿ ಕೂತಿತ್ತು. ಕೊನೆಗೆ 2022ರಲ್ಲಿ ಅದೇ ಕೋರ್ಟ್, ಹೋಗಬಹುದು, ಅಡ್ಡಿಯಿಲ್ಲ ಎಂದಿತು. ಹೋಗಬಹುದು, ಸರಿ. ಎರಡು ದಿನ ನೆಟ್ ಇರಲಿಲ್ಲ ಎಂದು ವಕೀಲರನ್ನು ಹಿಡಿದು, ರಜೆ ಹಾಕಿ, ವಾಯಿದೆಗೆ ನಿಲ್ಲುವವರು ಯಾರು? ಕಂಪನಿಗೂ ಅದು ಗೊತ್ತು. ಅದಕ್ಕೇ ಅದು ನೆಮ್ಮದಿಯಾಗಿದೆ.

ಇಲ್ಲಿ ನಗು ನಿಲ್ಲುತ್ತದೆ, ಕ್ಷಮಿಸಿ. ನಮ್ಮ ಮೇಲಿನ ಮಹಡಿಯಲ್ಲಿ ಒಬ್ಬ ರಿಟೈರ್ಡ್ ಮೇಷ್ಟ್ರಿದ್ದಾರೆ. ಹೆಂಡತಿ ತೀರಿಕೊಂಡಿದ್ದಾರೆ, ಮಗಳು ದೂರದ ಊರಲ್ಲಿ. ಸಂಜೆ ವಿಡಿಯೋ ಕಾಲ್‌ನಲ್ಲಿ ಮೊಮ್ಮಗುವನ್ನು ನೋಡುವುದೇ ಅವರ ದಿನ. ನೆಟ್ ಹೋದಾಗ ಚಾಟ್‌ಬಾಟ್ ಅವರಿಗೆ ನಾಲ್ಕು ಆಯ್ಕೆ ಕೊಡುತ್ತದೆ, ನಾಲ್ಕರಲ್ಲೂ ಅವರ ಕಷ್ಟ ಇರುವುದಿಲ್ಲ. ಫೋನ್ ಹಿಡಿದು ಕೆಳಗಿಳಿದು ಬಂದು, "ಇದರಲ್ಲಿ ನಾನೇನು ಒತ್ತಬೇಕು?" ಎಂದು ಕೇಳುತ್ತಾರೆ, ಅವರೇ ಏನೋ ತಪ್ಪು ಮಾಡಿದವರ ಹಾಗೆ. ತಪ್ಪು ಅವರದ್ದಲ್ಲ. ಕರೆ ತೆಗೆದುಕೊಳ್ಳುವ ಹುಡುಗನದ್ದೂ ಅಲ್ಲ. ಅವನ ಕೈಯಲ್ಲಿ ಇರುವುದು ಒಂದು ಸ್ಕ್ರಿಪ್ಟ್, ಕತ್ತಿನ ಮೇಲಿರುವುದು ಒಂದು ಗಡಿಯಾರ. ಇಬ್ಬರನ್ನೂ ಹೀಗೆ ಎದುರುಬದುರು ಕೂರಿಸಿ, ನಡುವೆ ಗೋಡೆ ಕಟ್ಟಿ, ಅದಕ್ಕೆ 'ಕೇರ್' ಎಂದು ಬೋರ್ಡು ಹಾಕಿದವರು ಮಾತ್ರ ಯಾರ ಕೈಗೂ ಸಿಗುವುದಿಲ್ಲ. ಬೇಕೆಂದೇ ಸಿಗುವುದಿಲ್ಲ. ಕೆಟ್ಟ ಸೇವೆ ಅಂತಾರಲ್ಲ, ಅದು ಇದಲ್ಲ. ಇದು ಚೆನ್ನಾಗಿ ಯೋಚಿಸಿ, ದುಡ್ಡು ಸುರಿದು ಕಟ್ಟಿದ ವ್ಯವಸ್ಥೆ. ಬೇಸತ್ತು ನೀವೇ ಫೋನ್ ಇಡಬೇಕು, ಅಷ್ಟೇ ಅದರ ಕೆಲಸ.

ಈ ವಿದ್ಯೆಗೂ ಎಒಎಲ್‌ನವರೇ ಗುರುಗಳು. 1996ರ ಡಿಸೆಂಬರಿನಲ್ಲಿ ತಿಂಗಳಿಗೆ 19.95 ಡಾಲರಿಗೆ ಎಷ್ಟು ಬೇಕಾದರೂ ನೆಟ್ ಎಂದರು. ಜನ ಮುಗಿಬಿದ್ದರು, ಲೈನುಗಳು ಜಾಮ್. 'ಅಮೆರಿಕ ಆನ್‌ಲೈನ್' ಕಂಪನಿಗೆ 'ಅಮೆರಿಕ ಆನ್ ಹೋಲ್ಡ್' ಎಂದು ನಾಮಕರಣವಾಯಿತು. ಮುಂದೆ ಜನ ಬಿಟ್ಟು ಹೋಗಲು ಹೊರಟಾಗ ಇನ್ನೊಂದು ಕಲೆ ಬೆಳೆಯಿತು: ಬಿಡದೆ ಇರುವುದು. ಬೇಡ ಎಂದು ಫೋನ್ ಮಾಡಿದವರನ್ನು ಉಳಿಸಿಕೊಂಡ ನೌಕರರಿಗೆ ಬಹುಮಾನ. ಇದಕ್ಕಾಗಿ 2005ರಲ್ಲಿ ನ್ಯೂಯಾರ್ಕ್ ರಾಜ್ಯಕ್ಕೆ ಹನ್ನೆರಡೂವರೆ ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡರು. ಮರುವರ್ಷವೇ ಒಬ್ಬ ಗ್ರಾಹಕ ತನ್ನ ಕರೆಯನ್ನು ರೆಕಾರ್ಡ್ ಮಾಡಿ ಊರಿಗೆಲ್ಲ ಕೇಳಿಸಿದ. ಅಕೌಂಟ್ ರದ್ದು ಮಾಡಿ, ರದ್ದು ಮಾಡಿ ಎಂದು ಅವನು ಗೋಗರೆಯುತ್ತಾನೆ. ಆ ಕಡೆಯವನು, ನಿಮ್ಮ ಅಪ್ಪ ಇದ್ದಾರಾ, ಅವರಿಗೆ ಕೊಡಿ ಎನ್ನುತ್ತಾನೆ. ಗ್ರಾಹಕನಿಗೆ ಆಗ 30 ವರ್ಷ.

ನಮ್ಮಲ್ಲಿ ಇಷ್ಟು ಕಷ್ಟವಿಲ್ಲ. ಕನೆಕ್ಷನ್ ಬೇಡ ಎಂದರೆ ತಕ್ಷಣ ಆರು ತಿಂಗಳು ಡಿಸ್ಕೌಂಟ್ ಕೊಡುತ್ತಾರೆ. ಆದರೂ ಬೇಡ ಎಂದರೆ ಮ್ಯಾನೇಜರ್ ಫೋನ್ ಮಾಡುತ್ತಾರೆ ಎನ್ನುತ್ತಾರೆ. ಮ್ಯಾನೇಜರ್ ಮಾಡುವುದಿಲ್ಲ. ಬಿಲ್ ಬರುತ್ತದೆ. ರೂಟರ್ ವಾಪಸ್ ಕೊಡದಿದ್ದರೆ ಅದರ ದುಡ್ಡನ್ನೂ ವಸೂಲಿ ಮಾಡುತ್ತೇವೆ ಎಂದು ಮೆಸೇಜ್ ಬರುತ್ತದೆ. ಒಯ್ಯಲು ಮಾತ್ರ ಯಾರೂ ಬರುವುದಿಲ್ಲ. ನನ್ನದು ಟಿವಿ ಪಕ್ಕದಲ್ಲಿ ಪ್ಲಾಸ್ಟಿಕ್ ಕವರ್ ಹೊದ್ದು ಕೂತಿದೆ.

ಮೊನ್ನೆ ಆ ಕಂಪನಿಯ ಟೀಶರ್ಟ್ ಹಾಕಿದ ಹುಡುಗನೊಬ್ಬ ಬೆಲ್ ಮಾಡಿದ. ಅಂತೂ ಬಂದ್ಯಲ್ಲಪ್ಪ ಎಂದು ರೂಟರ್ ತಂದು ಕೈಗೆ ಕೊಟ್ಟೆ. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಅದು ಬೇರೆ ಡಿಪಾರ್ಟ್‌ಮೆಂಟ್ ಸಾರ್. ನಾನು ಹೊಸ ಕನೆಕ್ಷನ್ ಬೇಕಾ ಅಂತ ಕೇಳೋಕೆ ಬಂದಿದ್ದು."