ಗೋಡೆ ಮೇಲೆ ಸರ್ಟಿಫಿಕೇಟು, ಕೌಂಟರ್ ಹಿಂದೆ ಇನ್ಯಾರೋ

ಕಾಯಿಲೆ ಬಿದ್ದೋರನ್ನ ಗದರಿಸೋ ಅಧಿಕಾರ ಮೆಡಿಕಲ್ ಶಾಪಿನವರಿಗೆ ಯಾರು ಕೊಟ್ರು? ತುಂಬಾ ದಿನದಿಂದ ಈ ಪ್ರಶ್ನೆ ಹೊಟ್ಟೆಯೊಳಗೆ ಕುದೀತಾ ಇದೆ. ದುಡ್ಡು ನಮ್ಮದು, ಚೀಟಿ ಡಾಕ್ಟರದ್ದು, ನೋವು ತಿನ್ನೋರು ನಾವು. ಆದ್ರೂ ಆ ಕೌಂಟರ್ ಮುಂದೆ ನಿಂತು, "ಅಣ್ಣಾ, ಇದನ್ನ ಯಾವಾಗ ತಗೋಬೇಕು ಸ್ವಲ್ಪ ಹೇಳ್ತೀರಾ" ಅಂತ ಬೇಡ್ಕೋಬೇಕು. ಅವನು ಮೊಬೈಲಿಂದ ಕಣ್ಣೂ ಎತ್ತದೆ, "ಡಾಕ್ಟರ್ ಹೇಳಿಲ್ವಾ? ಅವರನ್ನೇ ಕೇಳ್ಕೊಂಡು ಬನ್ನಿ" ಅಂತಾನೆ. ಹಿಂದೆ ನಿಂತವರಿಗೆ ಅವಸರ. ನಾವೇ ಏನೋ ತಪ್ಪು ಮಾಡಿದವರ ಥರ ಕವರ್ ಹಿಡ್ಕೊಂಡು ಈಚೆ ಬರ್ತೀವಿ.

ನಮ್ಮಮ್ಮನಿಗೆ ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಎದ್ದರೆ ಬೆರಳು ಮಡಚೋಕಾಗಲ್ಲ, ಕಾಫಿ ಲೋಟ ಹಿಡಿಯೋದೂ ಕಷ್ಟ. ಅದಕ್ಕೆ ಡಾಕ್ಟರ್ ಮೆಥೋಟ್ರೆಕ್ಸೇಟ್ ಅನ್ನೋ ಮಾತ್ರೆ ಬರೆದ್ರು. ಸಂಧಿವಾತಕ್ಕೆ ಇದನ್ನ ತಗೊಳ್ಳೋದು ವಾರಕ್ಕೆ ಒಂದೇ ದಿನ. ದಿನಾ ನುಂಗಿದ್ರೆ ಬಾಯೆಲ್ಲ ಹುಣ್ಣಾಗುತ್ತೆ, ಮೂಳೆಯೊಳಗೆ ರಕ್ತದ ಕಣ ಹುಟ್ಟೋದೇ ಕಮ್ಮಿಯಾಗುತ್ತೆ, ಜೀವವೇ ಹೋಗಬಹುದು. ಜೊತೆಗೆ ಕೊಡೋ ಫೋಲಿಕ್ ಆಸಿಡ್ ಮಾತ್ರೆಯೂ ಎಷ್ಟೋ ಸಲ ಅದೇ ಥರ ಚಿಕ್ಕದಾಗಿ ಹಳದಿಯಾಗಿ ಇರೋದ್ರಿಂದ ಎರಡೂ ಅದಲುಬದಲಾಗೋ ಅಪಾಯ ಬೇರೆ. ಫಾರ್ಮಸಿ ಓದಿದ ಯಾರಿಗಾದ್ರೂ ಈ ಹೆಸರು ಕಂಡ ಕೂಡಲೇ ಕೈ ನಿಲ್ಲಬೇಕು.

ಚೀಟಿಯಲ್ಲಿ "ವಾರಕ್ಕೊಮ್ಮೆ, ಭಾನುವಾರ" ಅಂತ ಇಂಗ್ಲಿಷಲ್ಲಿ ಬರೆದಿತ್ತು. ಅಂಗಡಿಯ ಹುಡುಗ ಕಾಗದದ ಕವರ್ ಮೇಲೆ ಪೆನ್ನಲ್ಲಿ ಗೆರೆ ಎಳೆದು, "ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದ್ಮೇಲೆ" ಅಂತ ಹೇಳಿ ಕಳಿಸಿದ್ದಾನೆ. ಅಮ್ಮನಿಗೆ ಇಂಗ್ಲಿಷ್ ಬರಲ್ಲ, ಕವರ್ ಮೇಲಿನ ಗೆರೆನೇ ಅವರಿಗೆ ವೇದವಾಕ್ಯ. ಅವತ್ತು ಸಂಜೆ ನರ್ಸ್ ಆಗಿರೋ ನಮ್ಮ ಅತ್ತಿಗೆ ಮನೆಗೆ ಬಂದಿದ್ದರಿಂದ ಅಮ್ಮ ಉಳಿದ್ರು. ಕವರ್ ನೋಡಿದವರೇ ಕಿತ್ಕೊಂಡ್ರು.

ಮಾರನೇ ದಿನ ಅಂಗಡಿಗೆ ಹೋದೆ. ಹುಡುಗ ಹೇಳಿದ್ದು: "ಡಾಕ್ಟರ್ ಅಕ್ಷರ ಅರ್ಥ ಆಗ್ಬೇಕಲ್ಲ ಮೇಡಂ." ಅರ್ಥ ಆಗದೆ ಇದ್ರೆ ಕೊಟ್ಟಿದ್ದು ಯಾಕೆ? ಚೀಟಿ ಮೇಲೆ ಕ್ಲಿನಿಕ್ಕಿನ ನಂಬರ್ ಇತ್ತಲ್ಲ, ಒಂದು ಫೋನ್ ಮಾಡಿ ಕೇಳೋಕೆ ಏನು ಕಷ್ಟ? ಅಷ್ಟರಲ್ಲಿ ಮಾಲೀಕರು ಬಂದ್ರು. "ಏನೂ ಆಗಿಲ್ವಲ್ಲ, ಬಿಡಿ. ನಮ್ಮ ಹತ್ರ ಬೇಡ ಅಂದ್ರೆ ಬೇರೆ ಕಡೆ ತಗೊಳ್ಳಿ." ಕ್ಷಮಿಸಿ ಅನ್ನೋ ಒಂದು ಮಾತು ಬರಲಿಲ್ಲ. ಫಾರ್ಮಸಿಸ್ಟ್ ಎಲ್ಲಿದ್ದಾರೆ ಅಂತ ಕೇಳಿದೆ. ಊಟಕ್ಕೆ ಹೋಗಿದ್ದಾರಂತೆ. ಆಗ ಬೆಳಿಗ್ಗೆ ಹತ್ತೂವರೆ ಗಂಟೆ. ಗೋಡೆ ಮೇಲೆ ಫ್ರೇಮ್ ಹಾಕಿದ ನೋಂದಣಿ ಪತ್ರ, ಅದರಲ್ಲಿ ಯಾರದ್ದೋ ಫೋಟೋ. ಆ ಮುಖವನ್ನ ನಾನು ಆ ಅಂಗಡಿಯಲ್ಲಿ ಒಂದು ದಿನವೂ ಕಂಡಿಲ್ಲ. ಆಮೇಲೆ ಅಕ್ಕಪಕ್ಕದವರು ಹೇಳಿದ್ದು, ಅವರಿಗೆ ಬೇರೆಲ್ಲೋ ಕೆಲಸ, ಸರ್ಟಿಫಿಕೇಟಿಗೆ ತಿಂಗಳು ತಿಂಗಳು ಬಾಡಿಗೆ ಹೋಗುತ್ತೆ ಅಂತ.

ಈ ಬಾಡಿಗೆ ದಂಧೆ ಗೊತ್ತಿಲ್ಲದವರು ಯಾರಿದ್ದಾರೆ? ಹಾಗಂತ ಕಾನೂನು ಇಲ್ಲ ಅನ್ನೋ ಹಾಗಿಲ್ಲ. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ, ಡಾಕ್ಟರ್ ಚೀಟಿಗೆ ಔಷಧ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್. 1945ರ ಔಷಧ ನಿಯಮಗಳಲ್ಲಿ 65ನೇ ನಿಯಮವೂ ಅದನ್ನೇ ಹೇಳುತ್ತೆ: ಫಾರ್ಮಸಿಸ್ಟ್ ಖುದ್ದು ನೋಡಿಕೊಳ್ಳಬೇಕು. 2015ರಲ್ಲಿ ಭಾರತೀಯ ಫಾರ್ಮಸಿ ಪರಿಷತ್ತು ತಂದ ನಿಯಮಗಳಂತೂ ಇನ್ನೂ ಸ್ಪಷ್ಟ. ಔಷಧ ಯಾಕೆ, ಎಷ್ಟು, ಹೇಗೆ, ಎಷ್ಟು ದಿನ, ಅಡ್ಡಪರಿಣಾಮ ಏನು, ಒಂದು ಹೊತ್ತು ಮರೆತರೆ ಏನು ಮಾಡಬೇಕು, ಇದನ್ನೆಲ್ಲ ಫಾರ್ಮಸಿಸ್ಟ್ ತಾನಾಗಿಯೇ ಮಾತು ತೆಗೆದು ರೋಗಿಗೆ ಹೇಳಬೇಕು. ನಾವು ಬೇಡ್ಕೊಳ್ಳೋ ಆ ಎರಡು ಮಾತು ಅವರ ಕೆಲಸ ಕಣ್ರೀ, ಉಪಕಾರ ಏನಲ್ಲ!

ಹೊಣೆ ಇರೋದು ಗೋಡೆ ಮೇಲಿನ ಹೆಸರಿಗೆ, ಆ ಮನುಷ್ಯ ಅಂಗಡಿಯಲ್ಲಿ ಇಲ್ಲ. ಅಂಗಡಿಯಲ್ಲಿ ಇರೋ ಹುಡುಗನ ಹೆಸರು ಯಾವ ರಿಜಿಸ್ಟರಿನಲ್ಲೂ ಇಲ್ಲ. ದುರ್ನಡತೆಗೆ ಫಾರ್ಮಸಿಸ್ಟ್ ಹೆಸರನ್ನ ಪಟ್ಟಿಯಿಂದ ಕಿತ್ತು ಹಾಕೋ ಅಧಿಕಾರ ರಾಜ್ಯ ಫಾರ್ಮಸಿ ಪರಿಷತ್ತಿಗೆ ಇದೆ, ಆದ್ರೆ ಪಟ್ಟಿಯಲ್ಲೇ ಇಲ್ಲದ ಹುಡುಗನ ಹೆಸರನ್ನ ಎಲ್ಲಿಂದ ಕೀಳೋದು? ಲೈಸೆನ್ಸ್ ಮಾಲೀಕರದ್ದು, ಅವರು ಹುಡುಗನ ಕಡೆ ಕೈ ತೋರಿಸ್ತಾರೆ, ಹುಡುಗ ಡಾಕ್ಟರ್ ಅಕ್ಷರದ ಕಡೆ ತೋರಿಸ್ತಾನೆ. ಈ ಸುತ್ತಿನಲ್ಲಿ ಅಮ್ಮನಿಗೆ ಏನಾದ್ರೂ ಆಗಿದ್ದಿದ್ರೆ ನಾನು ಯಾರ ಕೊರಳಪಟ್ಟಿ ಹಿಡೀಬೇಕಿತ್ತು?

ತಪ್ಪು ಮಾತ್ರೆ ಒಂದು ಥರ. ಅವಮಾನ ಇನ್ನೊಂದು ಥರ, ಅದು ಹೆಚ್ಚು ದಿನ ಉಳಿಯುತ್ತೆ. ನನ್ನ ತಮ್ಮ ಲಿಥಿಯಂ ತಗೋತಾನೆ. ಮನಸ್ಸಿನ ಏರಿಳಿತದ ಕಾಯಿಲೆ ಅವನಿಗೆ, ನಿಮ್ಹಾನ್ಸ್‌ನಲ್ಲಿ ತೋರಿಸ್ತಿದ್ದೀವಿ, ಈಗ ಕೆಲಸಕ್ಕೆ ಹೋಗಿ ಬರೋಷ್ಟು ಸರಿಯಾಗಿದ್ದಾನೆ. ಒಂದು ಸಂಜೆ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಚೀಟಿ ಕೊಟ್ಟಾಗ, ಕೌಂಟರ್‌ನವನು ಜನರ ಮಧ್ಯೆ ಜೋರಾಗಿ, "ಇದು ತಲೆ ಕೆಟ್ಟೋರ ಮಾತ್ರೆ ಅಲ್ವಾ? ಯಾರಿಗೆ, ನಿಮಗೇನಾ?" ಅಂದಿದ್ದಾನೆ. ಪಕ್ಕದಲ್ಲಿ ನಮ್ಮ ಬೀದಿಯವರೇ ಇದ್ರು. ತಮ್ಮ "ನನ್ನ ಫ್ರೆಂಡಿಗೆ" ಅಂತ ಸುಳ್ಳು ಹೇಳಿ, ಮಾತ್ರೆ ತಗೊಳ್ಳದೆ ಮನೆಗೆ ಬಂದ. ಆಮೇಲೆ ಯಾರಿಗೂ ಹೇಳದೆ ಮಾತ್ರೆನೇ ಬಿಟ್ಟ. ಲಿಥಿಯಂ ಹಾಗೆ ಏಕಾಏಕಿ ಬಿಟ್ಟರೆ ಕಾಯಿಲೆ ಮರುಕಳಿಸೋ ಅಪಾಯ ಹೆಚ್ಚು. ಮರುಕಳಿಸಿತು. ಆ ರಾತ್ರಿಗಳನ್ನ ನಾನು ಇಲ್ಲಿ ಬರೆಯಲ್ಲ. ನಾಲ್ಕು ಜನರ ಮುಂದೆ ನಾಲಿಗೆ ಹರಿಬಿಟ್ಟವನಿಗೆ ಮಾರನೇ ದಿನಕ್ಕೆ ಅದು ನೆನಪೂ ಇರಲಿಲ್ಲ. ರೋಗಿಯ ವಿಷಯ ಗುಟ್ಟಾಗಿ ಇಡಬೇಕು ಅಂತ ನಿಯಮ ಇದೆ. ಗರ್ಭ ಪರೀಕ್ಷೆಯ ಕಿಟ್ ಕೇಳಿದ ಹುಡುಗಿಯನ್ನ ಮೇಲಿಂದ ಕೆಳಗೆ ನೋಡಿ ಪಕ್ಕದವನಿಗೆ ಕಣ್ಣು ಮಿಟುಕಿಸೋರಿಗೂ ಅದೇ ನಿಯಮ. ಯಾರು ಕೇಳ್ತಾರೆ?

ಬಡವರ ಪಾಡು ಇನ್ನೂ ಕಷ್ಟ. ಕೂಲಿಗೆ ಹೋಗೋ ಒಬ್ಬ ಅಜ್ಜಿ ನಾಲ್ಕು ಬಿಪಿ ಮಾತ್ರೆ ಕೇಳಿದ್ರೆ, "ಪೂರ್ತಿ ಶೀಟ್ ತಗೊಂಡ್ರೆ ಕೊಡ್ತೀನಿ, ಇಲ್ಲಾಂದ್ರೆ ಜಾಗ ಬಿಡಜ್ಜಿ" ಅಂತ ಓಡಿಸಿದ್ದನ್ನ ಕಣ್ಣಾರೆ ಕಂಡಿದ್ದೀನಿ. 2013ರ ಔಷಧ ಬೆಲೆ ನಿಯಂತ್ರಣ ಆದೇಶದಲ್ಲಿ ಬಿಡಿ ಮಾತ್ರೆಗೂ ಲೆಕ್ಕ ಇದೆ: ಶೀಟಿನ ಬೆಲೆಯನ್ನ ಭಾಗಿಸಿ ಬರೋದಕ್ಕಿಂತ ಹೆಚ್ಚು ತಗೊಳ್ಳೋ ಹಾಗಿಲ್ಲ. ಅಂಗಡಿಯಲ್ಲಿರೋ ಔಷಧವನ್ನ ಕೊಳ್ಳೋಕೆ ಬಂದವರಿಗೆ ಇಲ್ಲ ಅನ್ನೋ ಹಾಗೂ ಇಲ್ಲ. ಎಕ್ಸ್‌ಪೈರಿ ದಿನಾಂಕ ಇರೋ ತುದಿ ಬಿಟ್ಟು ಇನ್ನೊಂದು ತುದಿಯಿಂದ ಕತ್ತರಿಸಿದ್ರೆ ಆಯ್ತು, ಅದಕ್ಕೂ ಸೋಮಾರಿತನ.

ಬಿಲ್ ಕೇಳಿದ್ರೆ "ಜಿಎಸ್‌ಟಿ ಸೇರುತ್ತೆ ನೋಡಿ" ಅಂತ ಹೆದರಿಸೋದು. ಎಂಆರ್‌ಪಿ ಅಂದ್ರೆ ಎಲ್ಲ ತೆರಿಗೆ ಸೇರಿದ ಬೆಲೆ, ಅದರ ಮೇಲೆ ಒಂದು ರೂಪಾಯಿಯೂ ಇಲ್ಲ. ಡಾಕ್ಟರ್ ಬರೆದಿದ್ದು ಬಿಟ್ಟು ಬೇರೆ ಕಂಪನಿಯದ್ದು ಕೊಟ್ಟು "ಅದೇ ಇದು" ಅನ್ನೋದು. ಶೆಡ್ಯೂಲ್ ಎಚ್, ಅಂದ್ರೆ ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಔಷಧಗಳಲ್ಲಿ ಹಾಗೆ ಬದಲಿಸೋದಕ್ಕೂ 65ನೇ ನಿಯಮದಲ್ಲೇ ತಡೆ ಇದೆ. ಕಡಿಮೆ ಬೆಲೆಯ ಜನರಿಕ್ ಔಷಧಕ್ಕೆ ನನ್ನ ತಕರಾರು ಇಲ್ಲ. ಆದ್ರೆ ಇವರು ಬದಲಿಸೋದು ನಮ್ಮ ಜೇಬು ನೋಡಿ ಅಲ್ಲ, ತಮ್ಮ ಮಾರ್ಜಿನ್ ನೋಡಿ.

ಎಲ್ಲರೂ ಹೀಗೇ ಇದ್ದಾರೆ ಅಂತ ಹೇಳಿದ್ರೆ ಅನ್ಯಾಯ ಆಗುತ್ತೆ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರು ಫಾರ್ಮಸಿಸ್ಟ್ ಮೇಡಂ ಇದ್ದಾರೆ. ಅಷ್ಟುದ್ದ ಸಾಲು ಇದ್ರೂ ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ಕ್ಯಾಲ್ಸಿಯಂ ಮಾತ್ರೆ ಅದರ ಜೊತೆ ಬೇಡ, ನಡುವೆ ನಾಲ್ಕು ಗಂಟೆ ಬಿಡಿ ಅಂತ ಅಜ್ಜ ಅಜ್ಜಿಯರಿಗೆ ಎರಡೆರಡು ಸಲ ಹೇಳಿ, ಅವರ ಬಾಯಲ್ಲೂ ಹೇಳಿಸಿ ಕಳಿಸ್ತಾರೆ. ರೋಗಿಗೆ ಔಷಧ ಸರಿಯಾಗಿ ಬಳಕೆಯಾಗೋ ಹಾಗೆ ನೋಡ್ಕೊಳ್ಳೋದನ್ನ ಕಲಿಸೋ ಕ್ಲಿನಿಕಲ್ ಫಾರ್ಮಸಿ ಅನ್ನೋ ಓದು ಈ ದೇಶದಲ್ಲಿ ಮೊದಮೊದಲು ಶುರುವಾದ ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಇಂಥ ರಾಜ್ಯದಲ್ಲಿ ಓದಿದ ಮಕ್ಕಳು ಪುಡಿಗಾಸು ಸಂಬಳಕ್ಕೆ ಬೇಸತ್ತು ಸರ್ಟಿಫಿಕೇಟ್ ಬಾಡಿಗೆಗೆ ಬಿಟ್ಟು ಬೇರೆ ಕೆಲಸ ಹುಡುಕ್ತಾರೆ. ಅವರ ಕಷ್ಟ ನನಗೆ ಅರ್ಥ ಆಗುತ್ತೆ. ಆದ್ರೆ ಆ ಬಾಡಿಗೆ ದುಡ್ಡಿಗೆ ನಮ್ಮಮ್ಮನ ಜೀವ ಅಡ ಇಡೋಕೆ ನಾನು ಒಪ್ಪಲ್ಲ.

ಜಿಲ್ಲೆಯ ಡ್ರಗ್ ಇನ್ಸ್‌ಪೆಕ್ಟರ್ ಕಚೇರಿಗೆ ಅರ್ಜಿ ಕೊಟ್ಟೆ. ಅಲ್ಲಿ ಮೊದಲ ಪ್ರಶ್ನೆ, "ಬಿಲ್ ಇದೆಯಾ?" ಇಲ್ಲ, ಕೊಡಲಿಲ್ಲ, ಅದೂ ನನ್ನ ದೂರಿನಲ್ಲೇ ಇದೆ ಅಂದೆ. ಯುಪಿಐ ಮೂಲಕ ಕಟ್ಟಿದ ದುಡ್ಡಿನ ದಾಖಲೆ, ಚೀಟಿಯ ಜೆರಾಕ್ಸ್, ಗೆರೆ ಎಳೆದ ಕವರಿನ ಫೋಟೋ ಎಲ್ಲ ಲಗತ್ತಿಸಿ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಎದ್ದು ಬಂದೆ. ನಿಮಗೂ ಹೀಗಾದ್ರೆ ಬಾಯಿ ಮಾತಲ್ಲಿ ಬಿಡಬೇಡಿ. ಲೈಸೆನ್ಸ್ ವಿಷಯಕ್ಕೆ ಡ್ರಗ್ ಇನ್ಸ್‌ಪೆಕ್ಟರ್, ಫಾರ್ಮಸಿಸ್ಟ್ ನಡತೆಗೆ ರಾಜ್ಯ ಫಾರ್ಮಸಿ ಪರಿಷತ್ತು, ಹೆಚ್ಚು ಬೆಲೆಗೆ ಔಷಧ ಬೆಲೆ ನೋಡಿಕೊಳ್ಳೋ ಕೇಂದ್ರದ ಪ್ರಾಧಿಕಾರ ಎನ್‌ಪಿಪಿಎ ಸಹಾಯವಾಣಿ 1800 111 255, ಗ್ರಾಹಕರ ದೂರಿಗೆ 1915. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ.

ಅರ್ಜಿ ವಿಷಯ ಗೊತ್ತಾಗಿ ಮಾಲೀಕರು ಫೋನ್ ಮಾಡಿದ್ರು. "ಸಣ್ಣ ವಿಷಯ ಮೇಡಂ, ಯಾಕೆ ದೊಡ್ಡದು ಮಾಡ್ತೀರಾ? ವಾಪಸ್ ತಗೊಳ್ಳಿ, ಅಮ್ಮನ ಮಾತ್ರೆಗೆ ಡಿಸ್ಕೌಂಟ್ ಹಾಕಿ ಕೊಡ್ತೀನಿ." ಡಿಸ್ಕೌಂಟ್! ವಾಪಸ್ ತಗೊಳ್ಳಲ್ಲ ಅಂತ ಹೇಳಿ ಫೋನ್ ಇಟ್ಟೆ. ಮುಂದಿನ ವಾರ ಬೆಂಗಳೂರಿಗೆ ಹೋಗಿ, ವಿಜಯನಗರದಲ್ಲಿರೋ ಪರಿಷತ್ತಿನ ಕಚೇರಿಗೆ ಎರಡನೇ ಅರ್ಜಿ ಕೊಡ್ತೀನಿ. ಆ ಫೋಟೋದಲ್ಲಿರೋ ಫಾರ್ಮಸಿಸ್ಟ್ ಅವರೇ ಬಂದು, ಅವತ್ತು ತಾವು ಎಲ್ಲಿದ್ರಿ ಅಂತ ಬರವಣಿಗೆಯಲ್ಲಿ ಉತ್ತರ ಕೊಡಲಿ.